ಬೇಕಾದ್ದು ಮೊದಲು

ಬತೂಮಿಯ ಬಂದರು ಬೀದಿ, ರಾತ್ರಿ ಎರಡು ಗಂಟೆ.
ಡಿಸ್ಕಿನೊಳಗೆ ಹಲ್ಲಿ ಲೊಚಗುಟ್ಟಿತು.
ಇನ್ನೂರು ಮದುವೆ ಹಿಡಿದಿಟ್ಟ ಜುಂಬೇರ್
ಮೌಸಿನ ಮೇಲಿನ ಕೈ ಕದಲಿಸಲಿಲ್ಲ.

ಫೋನಿನಲ್ಲಿ ಅಳಿಯ:
“ಆರಿಸಿ ಹಚ್ಚಿ ನೋಡಬೇಡಿ. ರಿಪೇರಿ ಗಿಪೇರಿ ಬೇಡವೇ ಬೇಡ.
ಉಸಿರಿರುವಷ್ಟು ಹೊತ್ತು ಬೇರೆ ಡಿಸ್ಕಿಗೆ ತುಂಬಿಕೊಳ್ಳಿ,
ಬೇಕಾದ್ದು ಮೊದಲು.”

ಬೇಕಾದ್ದು?
ಶನಿವಾರ ಆಲ್ಬಮ್ಮಿಗೆ ಬರುವ ಜೋಡಿಯಿದೆ.
ಹಣ ಕೊಟ್ಟು, ಆಲ್ಬಮ್ಮಿಗೂ ಮೊದಲೇ ಬೇರೆಯಾಗಿ,
ಕೇಳಿಕೊಂಡು ಬಾರದವರಿದ್ದಾರೆ.
ಮತ್ತೆ, ಯಾರದೋ ಮದುವೆಯಲ್ಲಿ,
ಕುಣಿಯುವವರ ಭುಜಗಳಾಚೆ
ಲೈಟು ಹಿಡಿದು ನಿಂತ ಹೆಂಡತಿ, ಎತೇರಿ,
ಮಸುಕಾಗಿ.
ಅವಳು ನಕ್ಕ ಚಿತ್ರ ಅದೊಂದೇ.

ಯಾರ ಮದುವೆಯೋ ನೆನಪಿಲ್ಲ.
ಹುಡುಕಲು ತೆರೆದಷ್ಟೂ ಸವೆಯುತ್ತದೆ ಆಯಸ್ಸು.

ಶನಿವಾರದ್ದಕ್ಕೇ ಕೈ ಹಾಕಿದ.
ಹಸಿರು ಪಟ್ಟಿ ತೆವಳುತ್ತಿದೆ: ಆರು, ಏಳು,
ಮತ್ತೆ ಏಳೇ.
ಲೊಚ್.