ಕಲ್ಗುಂಡಿ ರೋಡ್

ಕಲ್ಗುಂಡಿ ಇಲ್ಲಿಂದ ಮೂರು ಮೈಲಿ.
ನಮ್ಮದು ಕಲ್ಗುಂಡಿ ರೋಡ್.
ಊರಬಾಗಿಲಿಲ್ಲ, ಗೌಡಿಕೆಯಿಲ್ಲ, ಕೇರಿಯ ಹೆಸರಿಲ್ಲ;
ಅರಸೀಕೆರೆ ಬಿಟ್ಟ ಇಂಜಿನ್ನಿಗೆ
ಕಡೂರು ಮುಟ್ಟುವ ಮುಂಚೆ ಬಾಯಾರೀತೆಂದು
ಯಾರೋ ದೊರೆ ನಕ್ಷೆಯ ಮೇಲೆ ಉಗುರೊತ್ತಿದ ಜಾಗ.

ಮೊದಲು ಬಾವಿ. ಬಾವಿಗೊಂದು ಪಂಪು.
ಪಂಪಿಗೊಬ್ಬ ಆಳು, ನನ್ನ ಮುತ್ತಜ್ಜ ಅಂತೋಣಿ,
ಜೋಲಾರಪೇಟೆಯವನು.
ಆಮೇಲೆ ಬುಡನ್ ಸಾಬರ ಜಟಕಾ,
ಗುರುಶಾಂತಪ್ಪನ ಕೊಬ್ಬರಿ ಮಂಡಿ,
ಎರಡು ಬೆಂಚಿನ ಕಾಫಿ ಕ್ಲಬ್ಬು.
ಒಂದು ದಾಹದ ಸುತ್ತ ಹೀಗೆ ಊರು ಕೂತಿತು.

ಗಡಿಯಾರ ಸ್ಟೇಷನ್ನಿನಲ್ಲಿ ಮಾತ್ರ.
ನಮ್ಮಪ್ಪ ಹುಟ್ಟಿದ್ದು ಶಿವಮೊಗ್ಗ ಪ್ಯಾಸೆಂಜರಿಗೆ,
ಗುರುಶಾಂತಪ್ಪನ ಮಗಳು ಗೂಡ್ಸಿಗೆ.
ಗೂಡ್ಸಿಗೆ ಹೊತ್ತುಗೊತ್ತಿಲ್ಲವಾಗಿ
ಜೋಯಿಸರು ಆಕೆಯ ಜಾತಕವನ್ನು
ಅಂದಾಜಿನಲ್ಲಿ ಬರೆದರು.

ಇಂಜಿನ್ನು ಕುಡಿದು ಮುಗಿದರೂ
ತೊಗಲ ಸೊಂಡಿಲಿನಿಂದ ಸುರಿಯುವ ನೀರಿಗೆ
ಕೊಡಗಳ ಸಾಲು.
ಒಂದು ಬೇಸಿಗೆ ಕಲ್ಗುಂಡಿಯವರೂ ಬಂದರು, ಗಾಡಿ ಕಟ್ಟಿಕೊಂಡು.
ಅಂತೋಣಿ ಮುಟ್ಟಿದ ಹಗ್ಗ ಮುಟ್ಟದವರು
ಇಂಜಿನ್ನಿನ ಎಂಜಲಿಗೆ ಬೊಗಸೆಯೊಡ್ಡಿದರು.
ಇಂಜಿನ್ನಿಗೆ ಜಾತಿಯಿಲ್ಲವೆಂದಲ್ಲ.
ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಡೀಸೆಲ್ ಬಂತು. ಅದು ನೀರು ಕೇಳಲಿಲ್ಲ.
ಪಂಪು ನಿಂತ ದಿನ ಅಜ್ಜ
ಅದರ ಚಕ್ರಕ್ಕೆ ಎಣ್ಣೆ ಹಚ್ಚಿ ಮನೆಗೆ ಬಂದ;
ಮರುದಿನವೂ ಹಚ್ಚಿದ.
ಆಮೇಲೆ ಹಳಿ ಕಿತ್ತು ಅಗಲ ಮಾಡಿದರು.
ಹಳೇ ಸ್ಲೀಪರುಗಳು ನಮ್ಮ ಕೊಟ್ಟಿಗೆಯ ತೊಲೆಗಳಾದವು.
ಬಿಸಿಲೇರಿದರೆ ಇವತ್ತಿಗೂ
ಹಾಲಿನ ತಂಬಿಗೆಯೊಳಗೆ ಕೀಲೆಣ್ಣೆಯ ವಾಸನೆ.

ಮೇಲೆ ತಂತಿ ಬಂತು.
ಈಗ ಬಿಳಿಯ ಗಾಡಿ ಎಷ್ಟು ಜೋರೆಂದರೆ
ಒಳಗಿದ್ದವರು ಬೋರ್ಡು ಓದಲು ಹೊರಟರೆ
‘ಕಲ್’ ಅನ್ನುವಷ್ಟರಲ್ಲಿ ಊರು ಮುಗಿದಿರುತ್ತದೆ.
ಟಿಕೆಟ್ಟಿನ ಕಿಂಡಿಯಲ್ಲಿ ಗುಬ್ಬಿ ಗೂಡು.
ಬುಡನ್ ಸಾಬರ ಮರಿಮಗ ಪಂಕ್ಚರ್ ಹಾಕುತ್ತಾನೆ,
ಹೈವೇ ಕಡೆಗೆ ಮುಖ ಮಾಡಿ.

ಮೊನ್ನೆ ರಾತ್ರಿ ಲೂಪಿನಲ್ಲಿ ಒಂದು ಗೂಡ್ಸು
ಕ್ರಾಸಿಂಗಿಗೆ ಕಾದು ನಿಂತಿತು, ಮೂರು ಗಂಟೆ.
ಬಿಹಾರದ ಕಡೆಯ ಹುಡುಗ, ಸಹಾಯಕ ಪೈಲಟ್ಟು,
ಟಾರ್ಚು ಹಿಡಿದು ಇಳಿದು ಬಂದು
ನಮ್ಮ ಜಗಲಿಯ ಮುಂದೆ
ಖಾಲಿ ಬಾಟಲಿಯನ್ನು ಬಾಯಿಗೆ ಎತ್ತಿ ತೋರಿಸಿದ.

ಸವರಿಯಮ್ಮಜ್ಜಿ ಎದ್ದು ಕೂತಳು.
ಅಂತೋಣಿಯ ಸೊಸೆ, ಎಂಬತ್ತೇಳು ವರ್ಷ.
‘ನಿನಗೋ, ಇಂಜಿನ್ನಿಗೋ?’
ಅವನಿಗೆ ಕನ್ನಡ ಬಾರದು. ತಲೆಯಾಡಿಸಿದ.

ಅವಳು ಬಿಂದಿಗೆ ಬಗ್ಗಿಸಿದಳು.
ಬಾಟಲಿ ತುಂಬಿತು, ಕೈ ತೊಯ್ದಿತು, ಬೂಟು ತೊಯ್ದಿತು.
ಅವನು ಬಸ್, ಬಸ್ ಅನ್ನುತ್ತಿದ್ದ.
ಅವಳಿಗೆ ಹಿಂದಿ ಬಾರದು.