ಗುರುತಿಲ್ಲದ ನಡಿಗೆ

ಮೂವತ್ತು ವರ್ಷ ಈ ಕಾಲೇಜಿನ ಬೇಸ್‌ಬಾಲ್ ಲೆಕ್ಕ ಬರೆದವನು ನಾನು.
ಪೆನ್ಸಿಲ್ಲು, ರಬ್ಬರು, ತೊಡೆಯ ಮೇಲೆ ಅಗಲ ಪುಸ್ತಕ.
ಹೊಡೆದದ್ದು, ತಪ್ಪಿದ್ದು, ಓಡಿ ಉಳಿದದ್ದು, ಓಡಿ ಸತ್ತದ್ದು,
ಎಲ್ಲಕ್ಕೂ ಒಂದೊಂದು ಗುರುತುಂಟು.
ಲೈಲ್ ಕೊವಾರಿಕ್ ನಡೆದದ್ದಕ್ಕೆ ಮಾತ್ರ ಇಲ್ಲ.

ನಡೆಯುತ್ತಿದ್ದ ನೋಡಿ,
ಏಳನೆಯ ಇನಿಂಗ್ಸ್, ಎಸೆಗಾರನ ತೋಳು ಸೋತು
ಚೆಂಡು ಹೇಳಿದ ಮಾತು ಕೇಳದಾದಾಗ
ಬೆಂಚಿನಿಂದೆದ್ದು, ಎಡಮಂಡಿ ಚೂರು ಎಳೆಯುತ್ತ,
ಸುಣ್ಣದ ಗೆರೆ ತುಳಿಯದೆ ದಾಟಿ
(ಬೆಳಿಗ್ಗೆ ತಾನೇ ಎಳೆದ ಗೆರೆ; ಆಳಿಗೆ ಕೊಡಲು ಕಾಸಿಲ್ಲದ ಕಾಲೇಜು)
ನಡುವಣ ಮಣ್ಣಿನ ದಿಬ್ಬಕ್ಕೆ.
ಮಾತಿಲ್ಲ. ಅಂಗೈ ಚಾಚುತ್ತಿದ್ದ.
ಹುಡುಗ ಚೆಂಡು ಇಡುತ್ತಿದ್ದ.
ಬೆನ್ನಿಗೊಂದು ತಟ್ಟು. ಅಷ್ಟೇ.
ನೆಬ್ರಾಸ್ಕಾದ ಗಾಳಿ ಟೋಪಿ ಕೀಳುತ್ತಿತ್ತು.

ಗೆದ್ದದ್ದು ಐನೂರ ಹನ್ನೊಂದು, ಸೋತದ್ದು ನಾನೂರ ತೊಂಬತ್ತು.
ಬೇಕಾದರೆ ಕೂಡಿ ನೋಡಿ, ನನ್ನ ಬಳಿ ಇದೆ.
ಬಸ್ಸನ್ನೂ ಅವನೇ ಓಡಿಸಿದ,
ಪ್ಲ್ಯಾಟ್ ನದಿಯುದ್ದಕ್ಕೂ, ಮೇ ತಿಂಗಳ ಆಲಿಕಲ್ಲಿನಲ್ಲಿ,
ಹಿಂದೆ ಸೋತ ಹುಡುಗರ ಸಾಕ್ಸಿನ ನಾತ,
ಪೆಟ್ರೋಲ್ ಬಂಕಿನ ತಣ್ಣನೆಯ ಸ್ಯಾಂಡ್‌ವಿಚ್ಚು.

ಆಮೇಲೆ ಮೇಲೇರಿಸಿದರು: ಕ್ರೀಡಾ ನಿರ್ದೇಶಕ.
ಎರಡನೆಯ ಮಹಡಿ. ಕಿಟಕಿ ತೆರೆದರೆ ಕಾರುಗಳ ನೆತ್ತಿ.
ಈಜುಕೊಳದ ಬಾಯ್ಲರು, ವಾಲಿಬಾಲ್ ಹುಡುಗಿಯರ ಊಟದ ಭತ್ಯೆ,
ದಾನಿಗಳ ಪಕ್ಕ ಕೂತು ನಗುವ ರಾತ್ರಿಗಳು,
ವಕೀಲರು ತಿದ್ದಿ ಕಳಿಸಿದ ಪತ್ರಗಳು.
ಈ ಕುರ್ಚಿ ತಿರುಗುತ್ತದೆ ಕಣೋ ಆರ್ವಿಡ್, ಎಂದ ಒಮ್ಮೆ,
ಎಲ್ಲಿಗೂ ಹೋಗುವುದಿಲ್ಲ.

ತನ್ನ ಜಾಗಕ್ಕೆ ತಂದದ್ದು ಡ್ವೇನ್ ಪಾಚೆಕೊನನ್ನ,
ಒಂದು ಕಾಲದ ತನ್ನ ಎಡಗೈ ಎಸೆಗಾರ,
ಸ್ಕಾಟ್ಸ್‌ಬ್ಲಫ್ ಕಡೆಯ ಸಕ್ಕರೆ ಬೀಟಿನ ಹೊಲದಿಂದ ಬಂದವನು.
ಒಳ್ಳೆಯವನು. ಸೋತ.
ಮೂರು ವರ್ಷ ಸೋತ.
ಮಂಡಳಿಯವರ ಕೊಡಲಿಗೆ ಕಾವು ಬೇಕಿತ್ತು,
ಮರದ ಕುಲದವನೇ ಸಿಕ್ಕ.

ಗುರುವಾರ ಪತ್ರ ಮಡಚಿ ಜೇಬಿನಲ್ಲಿಟ್ಟು ಲೈಲ್ ಕೆಳಗಿಳಿದ.
ನಾನು ಕಾರಿಡಾರಿನ ನಲ್ಲಿಯ ಬಳಿ ಇದ್ದೆ.
ಬೇಕೆಂದೇ ಇದ್ದೆ, ಸುಳ್ಳೇಕೆ.
ಅದೇ ಎಡಮಂಡಿ. ಅದೇ ನಿಧಾನ.
ನೆಲದ ಟೈಲ್ಸಿನ ಬಿಳಿ ಪಟ್ಟಿಯನ್ನೂ ತುಳಿಯಲಿಲ್ಲ.

ಬಾಗಿಲು ತೆರೆದೇ ಇತ್ತು. ಪಾಚೆಕೊ ಎದ್ದು ನಿಂತಿದ್ದ.
ಹೆಜ್ಜೆಯ ಸದ್ದಿನಲ್ಲೇ ತಿಳಿದಿರಬೇಕು;
ಹತ್ತೊಂಬತ್ತರ ಹರೆಯದಲ್ಲಿ ಎಷ್ಟು ಸಲ ಕಂಡಿದ್ದನೋ
ಆ ನಡಿಗೆ ತನ್ನತ್ತ ಬರುವುದನ್ನ.
ಲೈಲ್ ಕಾಗದ ತೆಗೆದ, ಗಂಟಲು ಸರಿಮಾಡಿಕೊಂಡ,
‘ಮಂಡಳಿಯು ಅತ್ಯಂತ ವಿಷಾದದಿಂದ’ ಎಂಬಲ್ಲಿ ನಿಂತ.
ಓದಬೇಡಿ ಕೋಚ್, ಎಂದ ಪಾಚೆಕೊ.
ಕೈ ಚಾಚಿ.

ಚಾಚಿದ.
ಬಿದ್ದದ್ದು ಬೀಗದ ಕೈಗೊಂಚಲು:
ಬ್ಯಾಟಿನ ಕೋಣೆಯದು, ಸುಣ್ಣದ ಶೆಡ್ಡಿನದು, ಬಸ್ಸಿನದು,
ಇನ್ನೊಂದು ಯಾವುದರದೋ.
ಬೆನ್ನು ತಟ್ಟಿದ ಸದ್ದು ಕೇಳಿತು. ಯಾರು ಯಾರನ್ನು ತಟ್ಟಿದರೋ
ನಾನಿದ್ದ ಮೂಲೆಗೆ ಕಾಣಲಿಲ್ಲ.

ಶನಿವಾರ ಪಂದ್ಯವಿತ್ತು.
ನಿರ್ದೇಶಕ ಸಾಹೇಬ ಟೈಯನ್ನು ಹೆಗಲ ಹಿಂದಕ್ಕೆ ಎಸೆದುಕೊಂಡು
ಏಳು ಗಂಟೆಗೇ ಸುಣ್ಣದ ಗಾಡಿ ತಳ್ಳುತ್ತಿದ್ದ.
ಮೂರನೆಯ ಬೇಸಿನ ಹತ್ತಿರ ಗೆರೆ ಕೊಂಚ ಸೊಟ್ಟ.
ನಾನು ಪೆನ್ಸಿಲ್ಲು ಚೂಪು ಮಾಡಿ ಕೂತೆ.
ಮೊದಲನೆಯ ಎಸೆತ ಹೊರಗೆ ಹೋಯಿತು.
ಬರೆದುಕೊಂಡೆ.