ಎಷ್ಟಗಲ ತೂತು

ಗಾಜನೂರಿನ ಕೆಳಗೆ, ತುಂಗೆ ಬಂಡೆಗಳ ನಡುವೆ ಕವಲೊಡೆಯುವಲ್ಲಿ
ಬೆಸ್ತರ ದುಗ್ಗಪ್ಪ ಬಲೆ ಎಳೆದಾಗ
ಮೀನಿನ ಜೊತೆ ಒಂದು ತಾಯಿ ಬಂತು. ಉಸಿರಿರಲಿಲ್ಲ,
ಮೊಲೆಯಲ್ಲಿ ಹಾಲಿತ್ತು.
ಅದನ್ನು ನೋಡಿಯೇ ಅವನು ದಡದ ಪೊಟರೆ ಪೊಟರೆಗೂ ಕೈಯಿಟ್ಟು
ಮಧ್ಯಾಹ್ನದವರೆಗೆ ಹುಡುಕಿದ್ದು.

ಪಶು ಆಸ್ಪತ್ರೆಗೆ ತಂದದ್ದು ತನ್ನ ಟವೆಲಿನಲ್ಲಿ.
'ನೀರುನಾಯಿ ಮರಿ ಗುತ್ಯಮ್ಮ' ಅಂದ, ಮತ್ತೇನೂ ಅನ್ನಲಿಲ್ಲ.
ಹಿಡಿ ತುಂಬ ಬೂದು ರೋಮ,
ಅದರೊಳಗೊಂದು ಕೀಚಲು ಕೊರಳು.

ಹಸು ಈಯುವಾಗ ಬಿಸಿನೀರು ಹಿಡಿಯುವ ಅಟೆಂಡರ್ ನಾನು.
ಡಾಕ್ಟರು ಫಿಲೋಮಿನಾ ಎಲ್ಲೆಲ್ಲಿಗೋ ಫೋನು ಮಾಡಿ
ಚೀಟಿ ಬರೆದುಕೊಟ್ಟರು:
ಆಡಿನ ಹಾಲು. ಮೀನೆಣ್ಣೆ ಎರಡು ಹನಿ. ಮೂರು ಗಂಟೆಗೊಮ್ಮೆ.
ಕೊನೆಗೆ, ಅಡಿಗೆರೆ ಎಳೆದು: ಹೆಸರಿಡಬೇಡ.

ನೀರುನಾಯಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲವಂತೆ, ಯಾರಿಗೆ ಗೊತ್ತಿತ್ತು?
ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ನೀರು ತುಂಬಿ, ಇಳಿಬಿಟ್ಟರೆ
ನಾಲ್ಕೂ ಕಾಲಲ್ಲಿ ನನ್ನ ಮೊಣಕೈ ಹತ್ತಿತು.
ತಾಯಿಯಾದರೆ ಕತ್ತು ಕಚ್ಚಿ ಮುಳುಗಿಸುತ್ತಾಳಂತೆ,
ಅಳು ಕೇಳಿಸಿದರೂ ಕೇಳಿಸದವಳ ಹಾಗೆ.
ನಾನೋ, ಹೊಳೆಯಲ್ಲಿ ಮಂಡಿಯಾಚೆ ಇಳಿದವಳೇ ಅಲ್ಲ.
ಸಡಿಲ ಚರ್ಮ ಹಿಡಿದು, ಮುಖ ಆಚೆ ತಿರುಗಿಸಿ
ಒಂದು, ಎರಡು, ಮೂರು...
ಮೇಲೆ ಬಂದಾಗ ಇಬ್ಬರೂ ಸೀನಿದೆವು.

ದುಗ್ಗಪ್ಪ ದಿನಾ ಬಿಂದಿಗೆಯಲ್ಲಿ ಜೀವಂತ ಮೀನು ತಂದ.
ಕಾಸು ಕೇಳಲಿಲ್ಲ.
ಯಾಕೆ ಅಂತ ನಾನೂ ಕೇಳಲಿಲ್ಲ.

ಕಷ್ಟದ ಪಾಠ ಆಮೇಲೆ: ಮನುಷ್ಯರಿಗೆ ಹೆದರುವುದು.
ಡಬ್ಬ ಬಡಿದೆ, ಬೈದೆ,
ಅತ್ತೆಗೂ ಆಡದ ಮಾತುಗಳನ್ನೆಲ್ಲ ಆಡಿದೆ.
ಅದು ಅಂಗಾತ ಮಲಗಿ, ಎದೆ ಮೇಲೊಂದು ಕಲ್ಲು ಹೊರಳಿಸುತ್ತ
ಕಾಯುತ್ತಿತ್ತು, ಇವಳ ಸಿಟ್ಟು ಮುಗಿಯಲಿ ಎಂದು.
ಒಂದು ಸಂಜೆ ಬೆಚ್ಚಿತು. ಬೆಚ್ಚಿ ನೀರಿಗೆ ಹಾರಿತು.
ಗೆದ್ದೆ.
ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ದೀಪಾವಳಿ ಕಳೆದ ಮೇಲೆ, ನಡುಗಡ್ಡೆಯ ಹತ್ತಿರ
ಹಿಂಡೊಂದು ಓಡಾಡುತ್ತಿದೆ ಎಂದು ತಿಳಿದು
ಬೋನಿನ ಬಾಗಿಲು ಎತ್ತಿದೆವು.
ಬಾಲದ ತುದಿ ಕಂಡಿತು. ಆಮೇಲೆ ಬರೀ ನೀರು.

ಶಿವರಾತ್ರಿ ಹೊತ್ತಿಗೆ ದುಗ್ಗಪ್ಪ ಬಲೆ ಹೊತ್ತು ಬಂದ, ಜಗಳಕ್ಕೆ.
'ನೋಡು ನಿನ್ನ ಮಗಳ ಕೆಲಸ! ಎರಡು ಕಿಲೋ ಮೀನು ನೀರುಪಾಲು,
ನೂಲಿಗೆ ಬೇರೆ ದುಡ್ಡು.'
'ತೂತು ಎಷ್ಟಗಲ?' ಕೇಳಿದೆ.
ಆಸ್ಪತ್ರೆ ಮೆಟ್ಟಿಲ ಮೇಲೆ ಬಲೆ ಹರಡಿ
ಎರಡೂ ಕೈ ತೂರಿಸಿ ಅಗಲಿಸಿದ.
ಒಂದು ಮೈ ಸಲೀಸಾಗಿ ದಾಟುವಷ್ಟು.

ಇಬ್ಬರೂ ಅದರೊಳಗಿಂದ ರಸ್ತೆ ನೋಡುತ್ತ ಕೂತೆವು.
ಎಂಟು ದಿನದ ಹಿಂದಿನ ತೂತಂತೆ ಅದು.
ಹೆಣೆಯುವ ಸೂಜಿ ಅವನ ಜೇಬಿನಲ್ಲೇ ಇತ್ತು.